ತೂಕ ಇಳಿದಿಲ್ಲ, ಬಲ ಎಲ್ಲಿ ಹೋಯಿತು?

ಪ್ರಶ್ನೆ: ನನಗೆ 68 ವರ್ಷ. ದಿನವೂ ಒಂದು ಗಂಟೆ ನಡೆಯುತ್ತೇನೆ. ತೂಕ ಹಲವು ವರ್ಷಗಳಿಂದ ಹಾಗೇ ಇದೆ. ಆದರೂ ತಗ್ಗಾದ ಕುರ್ಚಿಯಿಂದ ಏಳಲು ಕೈಯೂರಬೇಕು, ಡಬ್ಬಿಯ ಮುಚ್ಚಳ ತೆಗೆಯಲು ಮಗನನ್ನು ಕರೆಯಬೇಕು. ಭಾರ ಎತ್ತುವ ವ್ಯಾಯಾಮ ಮಾಡಲೇ ಎಂದರೆ, “ಈ ವಯಸ್ಸಿನಲ್ಲಿ ಬೇಡಮ್ಮ” ಎನ್ನುತ್ತಾನೆ.
— ಹೆಸರು ಬೇಡ

ಉತ್ತರ: ಮಾಡಿ. ಮಗನಿಗೂ ಈ ಪುಟವನ್ನು ಓದಲು ಕೊಡಿ.

ನಿಮ್ಮನ್ನು ಏಮಾರಿಸಿರುವುದು ತೂಕದ ಯಂತ್ರ. ಸ್ನಾಯು ಕರಗಿದಷ್ಟೇ ಕೊಬ್ಬು ಸೇರಿಕೊಂಡರೆ ಅದರ ಮುಳ್ಳು ಅಲುಗುವುದಿಲ್ಲ. ಮೂವತ್ತು ದಾಟಿದ ಮೇಲೆ ದಶಕಕ್ಕೆ ಸುಮಾರು ಶೇ. 3ರಿಂದ 8ರಷ್ಟು ಸ್ನಾಯು ಸವೆಯುತ್ತದೆ. ಅರವತ್ತರ ನಂತರ ಇನ್ನೂ ಬೇಗ. ಬಲವಂತೂ ಗಾತ್ರಕ್ಕಿಂತ ವೇಗವಾಗಿ ಕುಸಿಯುತ್ತದೆ. ಬೆನ್ನುಹುರಿಯಿಂದ ಸ್ನಾಯುವಿಗೆ ಬರುವ ನರಕೋಶಗಳು ಸಾಯುತ್ತಾ ಹೋಗುತ್ತವೆ. ಹಾಗೆ ಅನಾಥವಾದ ಸ್ನಾಯುವಿನ ಎಳೆಗಳಲ್ಲಿ ಕೆಲವನ್ನು ಪಕ್ಕದ ನರ ದತ್ತು ತೆಗೆದುಕೊಳ್ಳುತ್ತದೆ, ಉಳಿದವು ಸೊರಗುತ್ತವೆ. ಹೆಚ್ಚು ಪೆಟ್ಟು ಬೀಳುವುದು ವೇಗದ ಎಳೆಗಳಿಗೆ. ಥಟ್ಟನೆ ಏಳಲು, ಎಡವಿದಾಗ ಕಾಲು ಮುಂದಿಟ್ಟು ಸಾವರಿಸಿಕೊಳ್ಳಲು ಬೇಕಾದವು ಅವೇ. ಸಮತಟ್ಟಾದ ದಾರಿಯ ನಡಿಗೆ ಹೃದಯಕ್ಕೆ ಒಳ್ಳೆಯದು, ಬಿಡಬೇಡಿ. ಆದರೆ ಈ ಎಳೆಗಳಿಗೆ ಅದರಲ್ಲಿ ಕೆಲಸವೇ ಇಲ್ಲ.

ವಯಸ್ಸಿನ ಮಾತಿಗೆ ಬರೋಣ. 1990ರಲ್ಲಿ ಪ್ರಕಟವಾದ ಬಾಸ್ಟನ್ನಿನ ಅಧ್ಯಯನವೊಂದರಲ್ಲಿ ಸರಾಸರಿ ತೊಂಬತ್ತು ವರ್ಷದ ವೃದ್ಧಾಶ್ರಮವಾಸಿಗಳು 8 ವಾರ ಕಾಲಿನಿಂದ ಭಾರ ಎತ್ತಿದರು. ಅವರ ಬಲ ಸರಾಸರಿ ಶೇ. 174ರಷ್ಟು ಏರಿತು. ನೀವು ಅವರಿಗಿಂತ ಎಷ್ಟು ಚಿಕ್ಕವರು!

ಕುರ್ಚಿಯಿಂದಲೇ ಶುರುಮಾಡಿ. ಗಟ್ಟಿ ಕುರ್ಚಿಯನ್ನು ಗೋಡೆಗೆ ಒತ್ತಿಡಿ, ದಿಂಬು ಹಾಕಿ ಎತ್ತರಿಸಿ. ಕೈಗಳನ್ನು ಎದೆಗೆ ಕಟ್ಟಿ, ಉಸಿರು ಬಿಡುತ್ತಾ ಒಮ್ಮೆಲೇ ಎದ್ದು ನಿಲ್ಲಿ. ಕೂರುವಾಗ ನಾಲ್ಕು ಎಣಿಸುತ್ತಾ ಇಳಿಯಿರಿ. ಧೊಪ್ಪೆಂದು ಕುಳಿತರೆ ಅರ್ಧ ವ್ಯಾಯಾಮ ಹೋಯಿತು. ಹತ್ತು ಸಲ ಸಲೀಸಾದರೆ ದಿಂಬು ತೆಗೆಯಿರಿ, ಆಮೇಲೆ ಕೈಯಲ್ಲಿ ಭಾರ ಹಿಡಿಯಿರಿ. ಕೊನೆಯ ಎರಡು ಸಲ ಕಷ್ಟವೆನಿಸದಿದ್ದರೆ ಭಾರ ಸಾಲದು. ವಾರಕ್ಕೆ ಎರಡು ಮೂರು ದಿನ, ನಡುವೆ ಬಿಡುವು. ಹಿಡಿತಕ್ಕೆ ಎರಡೂ ಕೈಯಲ್ಲಿ ತೂಕದ ಚೀಲ ಹಿಡಿದು ನಡೆಯಿರಿ.

ಮೊದಲ ವಾರಗಳಲ್ಲಿ ತೊಡೆ ದಪ್ಪವಾಗಲಿಲ್ಲವೆಂದು ಕೊರಗಬೇಡಿ. ಮೊದಲು ಪಳಗುವುದು ನರ, ಸ್ನಾಯು ಬೆಳೆಯುವುದು ನಂತರ. ಅದಕ್ಕೆ ಪ್ರೋಟೀನೂ ಬೇಕು: ದೇಹತೂಕದ ಪ್ರತಿ ಕಿಲೋಗೆ ದಿನಕ್ಕೆ 1ರಿಂದ 1.2 ಗ್ರಾಂ. ಮೂತ್ರಪಿಂಡದ ತೊಂದರೆ, ಹೃದ್ರೋಗ, ಹತೋಟಿಗೆ ಬಾರದ ರಕ್ತದೊತ್ತಡ ಇದ್ದರೆ ಮೊದಲು ನಿಮ್ಮ ವೈದ್ಯರನ್ನು ಕೇಳಿ. ಒಂದೇ ಬದಿಗೆ ಅಥವಾ ದಿಢೀರನೆ ಶಕ್ತಿ ಕುಂದಿದರೆ ಅದು ವಯಸ್ಸಿನ ಆಟವಲ್ಲ. ಪತ್ರ ಬರೆಯುತ್ತಾ ಕೂರದೆ ಆಸ್ಪತ್ರೆಗೆ ಹೋಗಿ.