ಕೈಯಿಲ್ಲದ ಅವ್ವನ ಚಿತ್ರ: ಗದಗಿನ ಓದುಗರಿಗೆ ಸಂಪಾದಕರ ಉತ್ತರ

ಆತ್ಮೀಯರೇ,

ನಿಮ್ಮ ಪತ್ರ ಬಂದು ಹನ್ನೆರಡು ದಿನ ಆಯಿತು. ತಡವಾಗಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. ಎರಡು ಸಾಲು ಬರೆದು ಮುಗಿಸುವ ಪತ್ರ ಅದಾಗಿರಲಿಲ್ಲ.

ಉಳಿದ ಓದುಗರಿಗೆ ವಿಷಯ ಹೇಳಿಬಿಡುತ್ತೇನೆ. ಪತ್ರ ಬರೆದವರು ಗದಗ ಜಿಲ್ಲೆಯ ಒಬ್ಬ ತಾಯಿ. ಮಗಳಿಗೆ ಆರು ವರ್ಷ, ಒಂದನೇ ಕ್ಲಾಸು. ಶಾಲೆಯಲ್ಲಿ ಮನೆಯವರ ಚಿತ್ರ ಬರೆಯಲು ಹೇಳಿದ್ದಾರೆ. ಹುಡುಗಿ ಅವ್ವನನ್ನು ದೊಡ್ಡದಾಗಿ ಬರೆದಿದ್ದಾಳೆ, ಆದರೆ ಅವ್ವನಿಗೆ ಕೈ ಇಲ್ಲ. ಅಪ್ಪ ಹಾಳೆಯ ಮೂಲೆಯಲ್ಲಿ ಬೆರಳುದ್ದ ಇದ್ದಾರೆ. ಟೀಚರು ತಾಯಿಯನ್ನು ಕರೆಸಿ, ಎರಡು ತಿಂಗಳ ಹಿಂದಿನ ನಮ್ಮ ಪತ್ರಿಕೆಯ ಪುಟವನ್ನು ಮುಂದಿಟ್ಟಿದ್ದಾರೆ. ಮಕ್ಕಳ ಚಿತ್ರಗಳ ಬಗ್ಗೆ ನಾವು ಹಾಕಿದ್ದ ಲೇಖನ ಅದು. ಜೊತೆಗೊಂದು ಬಾಕ್ಸ್ ಇತ್ತು. ಕೈ ಇಲ್ಲದಿದ್ದರೆ ಪ್ರೀತಿಯ ಕೊರತೆ, ಮನೆಗೆ ಕಿಟಕಿ ಇಲ್ಲದಿದ್ದರೆ ಒಂಟಿತನ, ಕಪ್ಪು ಬಣ್ಣ ಜಾಸ್ತಿಯಾದರೆ ಭಯ. ಹೀಗೆ ಎಂಟು ಸಾಲು.

‘ಆವತ್ತಿನಿಂದ ನನಗೆ ಸರಿಯಾಗಿ ನಿದ್ದೆ ಬಂದಿಲ್ಲ. ನಾನು ಮಗಳಿಗೆ ಏನು ಕಡಿಮೆ ಮಾಡಿದೆ?’ ಎಂದು ನೀವು ಕೇಳಿದ್ದೀರಿ.

ಮೊದಲು ನಮ್ಮ ತಪ್ಪು. ಆ ಬಾಕ್ಸ್ ಹಾಕಬಾರದಿತ್ತು. ಲೇಖನ ಬರೆದವರು ಅದನ್ನು ಕೊಟ್ಟಿರಲಿಲ್ಲ. ಪುಟದಲ್ಲಿ ಜಾಗ ಉಳಿದಿತ್ತು, ಓದುಗರಿಗೆ ಉಪಯೋಗ ಆಗಲಿ ಅಂತ ನಾವೇ ಸೇರಿಸಿದೆವು. ಅಂತಿಮವಾಗಿ ಒಪ್ಪಿಗೆ ಕೊಟ್ಟವನು ನಾನು. ನಿಮ್ಮ ನಿದ್ದೆ ಕೆಡಿಸಿದ್ದಕ್ಕೆ ಮನಸಾರೆ ಕ್ಷಮೆ ಕೇಳುತ್ತೇನೆ.

ಈಗ ನಿಮ್ಮ ಪ್ರಶ್ನೆಗೆ ಬರೋಣ. ಚಿತ್ರ ನೋಡಿ ಮನಸ್ಸು ಓದುವ ಪರೀಕ್ಷೆಗಳು ನಿಜಕ್ಕೂ ಇವೆಯಾ? ಇವೆ. ಇವುಗಳಿಗೆ ನೂರು ವರ್ಷದ ಚರಿತ್ರೆ ಇದೆ. 1926ರಲ್ಲಿ ಅಮೆರಿಕದ ಫ್ಲಾರೆನ್ಸ್ ಗುಡ್‌ಎನಫ್ ಎಂಬ ಮನಶ್ಶಾಸ್ತ್ರಜ್ಞೆ ಮಕ್ಕಳಿಗೆ ‘ಒಬ್ಬ ಮನುಷ್ಯನ ಚಿತ್ರ ಬರೆ’ ಎಂದು ಹೇಳಿ, ಅದರಲ್ಲಿ ಏನೇನು ಇದೆ ಎಂದು ಎಣಿಸುವ ಕ್ರಮ ಮಾಡಿದರು. ತಲೆ ಇದೆಯಾ, ಕಣ್ಣು ಇದೆಯಾ, ತೋಳು ಸರಿಯಾದ ಜಾಗದಿಂದ ಹೊರಟಿದೆಯಾ. ಒಟ್ಟು 51 ಅಂಶ. ಚಿತ್ರ ಚಂದ ಇದೆಯೋ ಇಲ್ಲವೋ ಲೆಕ್ಕಕ್ಕಿಲ್ಲ. ಮಗುವಿನ ಬುದ್ಧಿ ವಯಸ್ಸಿಗೆ ತಕ್ಕಂತೆ ಬೆಳೆದಿದೆಯಾ ಅಂತ ನೋಡುವುದಷ್ಟೇ ಅವರ ಉದ್ದೇಶ. ಬರೋಡದಲ್ಲಿ ಪ್ರಮೀಳಾ ಫಾಟಕ್ ಅವರು ಇದನ್ನು ನಮ್ಮ ದೇಶದ ಮಕ್ಕಳಿಗೆ ಹೊಂದಿಸಿದರು. ಮಾತು ಬೇಡ, ಓದು ಬೇಡ, ಚಿತ್ರಕ್ಕೆ ಭಾಷೆಯ ಹಂಗಿಲ್ಲ ಅನ್ನುವ ಭರವಸೆ ಆಗ ದೊಡ್ಡದಾಗಿತ್ತು. ಆದರೆ 1950ರ ಹೊತ್ತಿಗೆ ಗುಡ್‌ಎನಫ್ ಅವರೇ, ಸಂಸ್ಕೃತಿಯ ಸೋಂಕಿಲ್ಲದ ಪರೀಕ್ಷೆಯನ್ನು ಹುಡುಕುವುದು ಭ್ರಮೆ ಎಂದು ಬರೆದರು. ಆ ಪ್ರಾಮಾಣಿಕತೆ ನನಗೆ ಬಹಳ ಇಷ್ಟ.

ಬಾಕ್ಸಿನಲ್ಲಿ ನಾವು ಹಾಕಿದ ಮಾತುಗಳು ಬಂದದ್ದು ಇನ್ನೊಂದು ದಾರಿಯಿಂದ. 1948ರಲ್ಲಿ ಜಾನ್ ಬಕ್ ಎಂಬವರು ಮನೆ, ಮರ, ಮನುಷ್ಯ ಈ ಮೂರನ್ನು ಬರೆಸುವ ಪರೀಕ್ಷೆ ತಂದರು. ಮರುವರ್ಷ ಕ್ಯಾರೆನ್ ಮ್ಯಾಕೋವರ್ ಮನುಷ್ಯನ ಚಿತ್ರದ ಅಂಗಾಂಗಕ್ಕೂ ಒಂದೊಂದು ಅರ್ಥ ಕೊಟ್ಟರು. 1970ರಲ್ಲಿ ಬರ್ನ್ಸ್ ಮತ್ತು ಕೌಫ್‌ಮನ್ ಇಬ್ಬರೂ, ಮನೆಯವರೆಲ್ಲ ಏನಾದರೂ ಕೆಲಸ ಮಾಡುತ್ತಿರುವಂತೆ ಬರೆಸುವ ಪದ್ಧತಿ ತಂದರು. ನಿಮ್ಮ ಮಗಳ ಚಿತ್ರಕ್ಕೆ ಇದು ಹತ್ತಿರದ ನೆಂಟ. ಬಕ್ ಅವರ ಪರೀಕ್ಷೆಯಲ್ಲಿ ಚಿತ್ರ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆಗಳ ಉದ್ದ ಪಟ್ಟಿಯೇ ಇದೆ. ಆದರೆ ಪುಸ್ತಕದಿಂದ ಪುಸ್ತಕಕ್ಕೆ, ಪತ್ರಿಕೆಯಿಂದ ಪತ್ರಿಕೆಗೆ ಬರುವಾಗ ಪ್ರಶ್ನೆಗಳು ಉದುರಿಹೋದವು. ಉಳಿದದ್ದು ‘ಇದಿದ್ದರೆ ಅದು’ ಅನ್ನುವ ಶಕುನದ ಪಟ್ಟಿ.

ಈ ಪಟ್ಟಿಗಳು ಯಾಕೆ ಇಷ್ಟು ನಿಜ ಅನ್ನಿಸುತ್ತವೆ? ಲೋರೆನ್ ಚಾಪ್‌ಮನ್ ಮತ್ತು ಜೀನ್ ಚಾಪ್‌ಮನ್ ದಂಪತಿ 1967ರಲ್ಲಿ ಒಂದು ಪ್ರಯೋಗ ಮಾಡಿದರು. ಮನುಷ್ಯರ ಚಿತ್ರಗಳನ್ನು ತೆಗೆದುಕೊಂಡರು. ಪ್ರತಿ ಚಿತ್ರದ ಜೊತೆ ‘ಬರೆದವನಿಗೆ ಇಂಥ ತೊಂದರೆ ಇದೆ’ ಎಂದು ಸುಮ್ಮನೆ ಲಾಟರಿ ಎತ್ತಿದ ಹಾಗೆ ಸೇರಿಸಿದರು. ಚಿತ್ರಕ್ಕೂ ತೊಂದರೆಗೂ ಏನೇನೂ ಸಂಬಂಧ ಇರಲಿಲ್ಲ. ಅದನ್ನು ಕಾಲೇಜು ವಿದ್ಯಾರ್ಥಿಗಳಿಗೆ ತೋರಿಸಿದರು. ನೋಡಿದವರು ಸಂಬಂಧ ಕಂಡೇಬಿಟ್ಟರು! ಅನುಮಾನದ ಸ್ವಭಾವದವರು ಕಣ್ಣನ್ನು ವಿಶೇಷವಾಗಿ ಬರೆಯುತ್ತಾರೆ ಅಂದರು. ಅನುಭವಿ ಮನಶ್ಶಾಸ್ತ್ರಜ್ಞರು ಹೇಳುತ್ತಿದ್ದುದೂ ಅದನ್ನೇ. ಅಂದರೆ ಕಣ್ಣು ಮತ್ತು ಅನುಮಾನದ ನಂಟು ಚಿತ್ರದಲ್ಲಿ ಇರಲಿಲ್ಲ, ನೋಡುವವರ ತಲೆಯಲ್ಲಿ ಮೊದಲೇ ಇತ್ತು. ಕೈ ಅಂದರೆ ಅಪ್ಪುಗೆ, ಅಪ್ಪುಗೆ ಅಂದರೆ ಪ್ರೀತಿ. ಟೀಚರಿಗೂ ಹಾಗೇ ಅನ್ನಿಸಿತು, ನಮಗೂ ಹಾಗೇ ಅನ್ನಿಸಿತು. ಟೀಚರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಮಗುವಿನ ಮೇಲಿನ ಕಾಳಜಿಯಿಂದಲೇ ಅವರು ನಿಮ್ಮನ್ನು ಕರೆಸಿದ್ದು.

ಎಲಿಜಬೆತ್ ಕೊಪಿಟ್ಸ್ ಅನ್ನುವವರು 1968ರಲ್ಲಿ ಮಕ್ಕಳ ಚಿತ್ರಗಳಲ್ಲಿ ನೋಡಬೇಕಾದ 30 ಗುರುತುಗಳ ಪಟ್ಟಿ ಮಾಡಿದರು. ಕೈ ಇಲ್ಲದಿರುವುದು ಆ ಪಟ್ಟಿಯಲ್ಲೂ ಇದೆ. ಆದರೆ ಯಾವುದೇ ಒಂದು ಗುರುತನ್ನು ಹಿಡಿದು ಒಂದು ಅರ್ಥ ಹೇಳಬಾರದು ಎಂದು ಎಚ್ಚರಿಸಿದವರೂ ಅವರೇ. ಆ ವಯಸ್ಸಿನ ಬೇರೆ ಮಕ್ಕಳು ಹೇಗೆ ಬರೆಯುತ್ತಾರೆ ಅಂತ ಮೊದಲು ಗೊತ್ತಿರಬೇಕು. ಮೂರು ನಾಲ್ಕು ವರ್ಷದ ಮಕ್ಕಳು ತಲೆಯಿಂದಲೇ ನೇರ ಕಾಲು ಇಳಿಸುತ್ತಾರೆ, ಹೊಟ್ಟೆಯೇ ಇರುವುದಿಲ್ಲ. ಅದು ಬೆಳವಣಿಗೆಯ ಒಂದು ಮೆಟ್ಟಿಲು. ಆರು ವರ್ಷಕ್ಕೆ ಮೈ ಬಂದಿರುತ್ತದೆ, ಕೈ ಬೆರಳು ಕೆಲವೊಮ್ಮೆ ಬರುತ್ತವೆ, ಕೆಲವೊಮ್ಮೆ ಮರೆತುಹೋಗುತ್ತವೆ.

ಹಾಗಾದರೆ ಆರ್ಟ್ ಥೆರಪಿ, ಅಂದರೆ ಚಿತ್ರ ಬರೆಸಿ ಮನಸ್ಸಿಗೆ ಚಿಕಿತ್ಸೆ ಮಾಡುವವರು ಚಿತ್ರ ಬರೆಸುವುದೇ ಸುಳ್ಳಾ? ಖಂಡಿತ ಇಲ್ಲ. ಈ ಭಾಗ ನಮ್ಮ ಲೇಖನದಲ್ಲಿ ಬರಬೇಕಿತ್ತು, ಬರಲಿಲ್ಲ. ಅದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಅಮೆರಿಕದ ಆರ್ಟ್ ಥೆರಪಿಸ್ಟರಲ್ಲಿ ಕೆಲವರು, ‘ಏನು ಬರೆದಿದ್ದಾರೆ’ ಅನ್ನುವುದನ್ನು ಪಕ್ಕಕ್ಕಿಟ್ಟು ‘ಹೇಗೆ ಬರೆದಿದ್ದಾರೆ’ ಎಂದು ನೋಡತೊಡಗಿದರು. ಬ್ಯಾರಿ ಕೋಹೆನ್ ಮತ್ತು ಜೊತೆಗಾರರು 1980ರ ದಶಕದಲ್ಲಿ ಮೂರು ಚಿತ್ರಗಳ ಸರಣಿಯೊಂದನ್ನು ರೂಪಿಸಿದರು. 18 ಇಂಚು ಅಗಲ, 24 ಇಂಚು ಉದ್ದದ ದೊಡ್ಡ ಹಾಳೆ, 12 ಬಣ್ಣದ ಮೆತ್ತನೆಯ ಚಾಕ್ ಪೇಸ್ಟಲ್. ಮೊದಲು ನಿಮಗಿಷ್ಟ ಬಂದದ್ದು, ಆಮೇಲೆ ಒಂದು ಮರ, ಕೊನೆಗೆ ಈಗ ಮನಸ್ಸು ಹೇಗಿದೆ ಅನ್ನುವುದನ್ನು ಗೆರೆ, ಆಕಾರ, ಬಣ್ಣಗಳಲ್ಲಿ. ಎಲ್ಲರಿಗೂ ಅದೇ ಹಾಳೆ, ಅದೇ ಬಣ್ಣ, ಅದೇ ಮಾತು. ಆಗ ಮಾತ್ರ ಒಬ್ಬರ ಚಿತ್ರವನ್ನು ಇನ್ನೊಬ್ಬರದರ ಪಕ್ಕ ಇಟ್ಟು ನೋಡಬಹುದು.

ಇನ್ನೊಂದು, ‘ಮರದಿಂದ ಸೇಬು ಕೀಳುತ್ತಿರುವ ಮನುಷ್ಯನನ್ನು ಬರೆಯಿರಿ’ ಎಂಬುದು. 12ಕ್ಕೆ 18 ಇಂಚಿನ ಹಾಳೆ, 12 ಸ್ಕೆಚ್ ಪೆನ್. ಲಿಂಡಾ ಗ್ಯಾಂಟ್ ಮತ್ತು ಕಾರ್ಮೆಲೊ ಟಾಬೋನ್ 1998ರಲ್ಲಿ ಇದಕ್ಕೊಂದು ಅಳತೆಗೋಲು ಪ್ರಕಟಿಸಿದರು. ಅದರಲ್ಲಿ 14 ಅಂಶ, ಪ್ರತಿಯೊಂದಕ್ಕೂ ಸೊನ್ನೆಯಿಂದ ಐದರವರೆಗೆ ಅಂಕ. ಬಣ್ಣ ಎಷ್ಟು ಬಳಸಿದ್ದಾರೆ, ಹಾಳೆಯ ಎಷ್ಟು ಜಾಗ ತುಂಬಿದ್ದಾರೆ, ಗೆರೆ ಗಟ್ಟಿಯೋ ನಡುಗಿದೆಯೋ, ಬರೆಯಲು ಎಷ್ಟು ಕಸುವು ಹಾಕಿದ್ದಾರೆ. ಖಿನ್ನತೆಯಲ್ಲಿ ಮುಳುಗಿದವರಿಗೆ ಸ್ಕೆಚ್ ಪೆನ್ ಎತ್ತುವುದೇ ಭಾರ. ಬಣ್ಣ ಕಡಿಮೆ, ಜಾಗ ಕಡಿಮೆ, ಕಸುವು ಕಡಿಮೆ. ಚಿಕಿತ್ಸೆ ನಡೆದ ಹಾಗೆ ಅದೇ ಮನುಷ್ಯ ಮತ್ತೆ ಮತ್ತೆ ಅದೇ ಚಿತ್ರ ಬರೆದರೆ, ಬದಲಾವಣೆ ಕಣ್ಣಿಗೆ ಕಾಣಬಹುದು. ಈ ಉಪಯೋಗ ನನಗೆ ಅರ್ಥಪೂರ್ಣ ಅನ್ನಿಸುತ್ತದೆ.

ಆದರೂ ಆ 14 ಅಂಶಗಳಲ್ಲಿ ಒಂದು ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಚಿತ್ರದಲ್ಲಿರುವ ಮನುಷ್ಯ ಸೇಬನ್ನು ಕೀಳಲು ಯಾವ ಉಪಾಯ ಮಾಡಿದ್ದಾನೆ ಅನ್ನುವುದಕ್ಕೂ ಅಂಕ ಇದೆ. ನಿಮ್ಮ ಊರಿನ ಮಗು ಸೇಬಿನ ಗಿಡವನ್ನು ಎಲ್ಲಿ ನೋಡಿರಬೇಕು? ಅದಕ್ಕೆ ಗೊತ್ತಿರುವುದು ಬಾರೆಹಣ್ಣಿನ ಗಿಡ ಅಲುಗಿಸುವುದು, ಹುಣಸೆಗೆ ಕಲ್ಲು ಬೀಸುವುದು. ಮಗು ಕಲ್ಲು ಹೊಡೆಯುವ ಹುಡುಗನನ್ನು ಬರೆದರೆ, ಹಣ್ಣು ಕೀಳುವ ಜಾಣತನ ಅಂತ ಓದುತ್ತೀರೋ, ಸಿಟ್ಟಿನ ಮಗು ಅಂತ ಓದುತ್ತೀರೋ? ಅದು ಓದುವವರ ಊರು ಯಾವುದು ಅನ್ನುವುದರ ಮೇಲೆ ನಿಂತಿದೆ. ಮನೆ ಮರ ಮನುಷ್ಯ ಪರೀಕ್ಷೆಯಲ್ಲಿ ಚಿಮಣಿಯ ಹೊಗೆಗೂ ಅರ್ಥ ಹೇಳಿದ್ದಾರೆ. ನಮ್ಮಲ್ಲಿ ಎಷ್ಟು ಮನೆಗೆ ಚಿಮಣಿ ಇದೆ? ಮನೆ ಬರೆ ಅಂದರೆ ನಮ್ಮ ಶಾಲೆಯ ಮಕ್ಕಳು ಎರಡು ಗುಡ್ಡ, ನಡುವೆ ಅರ್ಧ ಸೂರ್ಯ, ಒಂದು ಹೊಳೆ, ಗುಡಿಸಲು, ಪಕ್ಕದಲ್ಲಿ ತೆಂಗಿನಮರ ಬರೆಯುತ್ತಾರೆ. ಗುಡ್ಡವೇ ಕಾಣದ ಬಯಲುಸೀಮೆಯ ಮಕ್ಕಳೂ ಅದನ್ನೇ ಬರೆಯುತ್ತಾರೆ. ಅದು ಬೋರ್ಡ್ ನೋಡಿ ಕಲಿತ ಚಿತ್ರ. ಅದರಲ್ಲಿ ಮಗುವಿನ ಮನಸ್ಸನ್ನು ಹುಡುಕಿದರೆ ಸಿಗುವುದು ಡ್ರಾಯಿಂಗ್ ಮೇಷ್ಟರ ಕೈ.

ನಮ್ಮ ಮನೆಯ ಒಂದು ವಿಷಯ ಹೇಳುತ್ತೇನೆ. ನಾಲ್ಕು ವರ್ಷದ ಹಿಂದೆ ನಮ್ಮ ತಂದೆಗೆ ಮರೆವು ಜಾಸ್ತಿಯಾಯಿತು ಅಂತ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದೆ. ಡಾಕ್ಟರು ಬಿಳಿ ಹಾಳೆ ಕೊಟ್ಟು, ‘ಒಂದು ಗಡಿಯಾರ ಬರೆಯಿರಿ, ಹನ್ನೊಂದು ಗಂಟೆ ಹತ್ತು ನಿಮಿಷ ತೋರಿಸಿ’ ಅಂದರು. ಅಪ್ಪ ನಲವತ್ತು ವರ್ಷ ಲೆಕ್ಕಪತ್ರ ಬರೆದವರು. ವೃತ್ತ ಚೆನ್ನಾಗಿ ಹಾಕಿದರು. ಆಮೇಲೆ ಒಂದರಿಂದ ಹನ್ನೆರಡರವರೆಗೆ ಅಂಕೆಗಳನ್ನೆಲ್ಲ ಬಲಗಡೆಗೇ ಒತ್ತಿ ಬರೆದರು. ಎಡಗಡೆ ಪೂರ್ತಿ ಖಾಲಿ. ಪೆನ್ ಕೆಳಗಿಟ್ಟು ನನ್ನ ಮುಖ ನೋಡಿದರು. ಆ ನೋಟ ನಾನು ಮರೆತಿಲ್ಲ. ಡಾಕ್ಟರು ಅಷ್ಟಕ್ಕೇ ಏನೂ ಹೇಳಲಿಲ್ಲ. ಎಷ್ಟನೇ ಕ್ಲಾಸಿನವರೆಗೆ ಓದಿದ್ದಾರೆ, ಕನ್ನಡಕ ಬದಲಿಸಿ ಎಷ್ಟು ದಿನ ಆಯಿತು ಅಂತೆಲ್ಲ ಕೇಳಿದರು. ಶಾಲೆಗೆ ಹೋಗದವರಿಗೆ, ಪೆನ್ ಹಿಡಿದು ಅಭ್ಯಾಸ ಇಲ್ಲದವರಿಗೆ ಮರೆವಿನ ಕಾಯಿಲೆ ಇಲ್ಲದಿದ್ದರೂ ಈ ಗಡಿಯಾರ ಕಷ್ಟ ಆಗುತ್ತದೆ, ಅದಕ್ಕೇ ಕೇಳಿದೆ ಅಂದರು. ರಕ್ತ ಪರೀಕ್ಷೆ, ಸ್ಕ್ಯಾನ್, ಬೇರೆ ಪ್ರಶ್ನೆಗಳು ಎಲ್ಲ ಮುಗಿದ ಮೇಲೆಯೇ ಕಾಯಿಲೆಯ ಹೆಸರು ಹೇಳಿದ್ದು.

ಗಡಿಯಾರದ ಚಿತ್ರ ಮತ್ತು ನಿಮ್ಮ ಮಗಳ ಚಿತ್ರಕ್ಕೆ ಇರುವ ವ್ಯತ್ಯಾಸ ನನಗೆ ಹೊಳೆದದ್ದು ನಿಮ್ಮ ಪತ್ರ ಓದಿದ ಮೇಲೆ. ಗಡಿಯಾರ ಬರೆಯಲು ನೆನಪು ಬೇಕು, ಅಂಕೆ ಬೇಕು, ಜಾಗದ ಅಂದಾಜು ಬೇಕು. ಪರೀಕ್ಷೆ ನೋಡುವುದೂ ಅವುಗಳನ್ನೇ. ಕೈಯಿಲ್ಲದ ಅವ್ವನ ಚಿತ್ರದಿಂದ ಪ್ರೀತಿಗೆ ಹೋಗಬೇಕಾದರೆ ನಡುವೆ ದೊಡ್ಡ ಹಳ್ಳ ಇದೆ. ಅದನ್ನು ನಾವು ಊಹೆಯಿಂದ ದಾಟುತ್ತೇವೆ.

ನೀವು ಕಳಿಸಿದ ಫೋಟೊ ದೊಡ್ಡದು ಮಾಡಿ ನೋಡಿದೆ. ಅವ್ವನನ್ನು ಮೊದಲು ಬರೆದಿದ್ದಾಳೆ ಅನ್ನಿಸುತ್ತದೆ, ಹಾಳೆಯ ಮುಕ್ಕಾಲು ಭಾಗ ಅವ್ವನದೇ. ಸೀರೆಯ ಅಂಚಿಗೆ ಮೂರು ಬಣ್ಣ ಹಚ್ಚಿದ್ದಾಳೆ. ಹಸಿರಿನ ಮೇಲೆ ಎರಡು ಸಲ ತಿದ್ದಿದ ಗುರುತಿದೆ. ಅಪ್ಪನ ಒಂದು ಕಾಲು ಹಾಳೆಯ ಅಂಚಿಗೆ ತಾಗಿ ಮಡಿಸಿದ ಹಾಗಿದೆ. ಅಲ್ಲಿ ಇನ್ನು ಜಾಗವೇ ಇಲ್ಲ. ಅವ್ವನ ಮುಂದೆ ಒಂದು ಅಗಲವಾದ ಗೋಲ ಇದೆ. ಟೀಚರು ಅದನ್ನು ಹೊಟ್ಟೆ ಅಂದುಕೊಂಡರು ಅಂತ ಬರೆದಿದ್ದೀರಿ. ಮನೆಗೆ ಬಂದು ನೀವು ಕೇಳಿದಾಗ ಮಗಳು ಹೇಳಿದ ಮಾತು ನಿಮ್ಮ ಪತ್ರದ ಕೊನೆಯಲ್ಲಿದೆ: ‘ಅದು ಪರಾತ. ಅವ್ವನ ಕೈ ಹಿಟ್ಟಿನ್ಯಾಗ ಅದಾವ, ಕಾಣಂಗಿಲ್ಲ.’

ಪರಾತ ಅಂದರೆ ಹಿಟ್ಟು ನಾದುವ ಅಗಲವಾದ ತಟ್ಟೆ. ಈ ಮಾತು ಓದಿ ನನಗೆ ಸಮಾಧಾನ ಆಯಿತು. ಆದರೆ ಇದನ್ನೂ ತೀರ್ಪು ಮಾಡಿಕೊಳ್ಳಬೇಡಿ. ಅವ್ವ ಗಾಬರಿಯಾಗಿ ಕೇಳಿದರೆ ಮಕ್ಕಳು ಅವ್ವನಿಗೆ ಸಮಾಧಾನ ಆಗುವ ಉತ್ತರವನ್ನೂ ಕೊಡುತ್ತಾರೆ. ‘ಕೈ ಯಾಕಿಲ್ಲ?’ ಅನ್ನುವುದಕ್ಕಿಂತ ‘ಇಲ್ಲಿ ಏನು ನಡೀತಾ ಇದೆ, ನನಗೆ ಹೇಳ್ತೀಯಾ?’ ಅಂತ ಕೇಳಿದರೆ ಮಗು ತನ್ನ ಕಥೆಯನ್ನು ತಾನೇ ಹೇಳುತ್ತದೆ. ಒಳ್ಳೆಯ ಆರ್ಟ್ ಥೆರಪಿಸ್ಟ್ ಮಾಡುವುದೂ ಹೆಚ್ಚುಕಡಿಮೆ ಇದನ್ನೇ. ಚಿತ್ರವನ್ನು ನಡುವೆ ಇಟ್ಟುಕೊಂಡು ಇಬ್ಬರೂ ಕೂತು ನೋಡುತ್ತಾರೆ. ಮನೆಯಲ್ಲಿ ದಿನಾ ಬರೆಸಿ ಪರೀಕ್ಷೆ ಮಾಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಅವಳಿಗೆ ಬರೆಯುವ ಖುಷಿ ಹೋಗುತ್ತದೆ.

ಚಿತ್ರಕ್ಕಿಂತ ನೋಡಬೇಕಾದ್ದು ಬೇರೆ ಇದೆ. ಮಗಳು ಊಟ ನಿದ್ದೆ ಸರಿಯಾಗಿ ಮಾಡುತ್ತಿದ್ದಾಳಾ? ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಗಿದೆಯಾ? ಶಾಲೆಗೆ ಹೋಗಲು, ಯಾರದಾದರೂ ಹತ್ತಿರ ಹೋಗಲು ಇದ್ದಕ್ಕಿದ್ದ ಹಾಗೆ ಹೆದರುತ್ತಿದ್ದಾಳಾ? ಇಂಥದ್ದು ಏನಾದರೂ ಕೆಲವು ವಾರ ಉಳಿದರೆ ತಡ ಮಾಡಬೇಡಿ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ನಿಮಗೆ ದೂರವಿಲ್ಲ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರಿಗೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ. ಅಲ್ಲಿಯೂ ಮಗಳಿಂದ ಚಿತ್ರ ಬರೆಸಬಹುದು. ಆಗ ಹೆದರಬೇಡಿ. ನಿಮ್ಮ ಮಾತು, ಮಗಳ ಮಾತು, ಶಾಲೆಯ ವಿವರ ಇವೆಲ್ಲದರ ಜೊತೆ ಅದೂ ಒಂದಾಗಿರುತ್ತದೆ. ‘ಈ ಚಿತ್ರದಿಂದ ನಿಮಗೆ ಏನು ಗೊತ್ತಾಯಿತು, ಬೇರೆ ಯಾವುದರಿಂದ ಗೊತ್ತಾಯಿತು?’ ಎಂದು ಕೇಳಲು ಸಂಕೋಚ ಪಡಬೇಡಿ. ಕೇಳುವ ಹಕ್ಕು ನಿಮಗಿದೆ.

ನಮ್ಮ ಕಡೆಯಿಂದ ಎರಡು ಕೆಲಸ. ಆ ಬಾಕ್ಸ್ ಬಂದ ಪುಟದಲ್ಲೇ, ಅಷ್ಟೇ ದೊಡ್ಡದಾಗಿ, ಮುಂದಿನ ಸಂಚಿಕೆಯಲ್ಲಿ ತಿದ್ದುಪಡಿ ಹಾಕುತ್ತೇವೆ. ನಿಮ್ಮ ಮಗಳ ಟೀಚರಿಗೆ ಒಂದು ಪ್ರತಿಯನ್ನು ನಾವೇ ಕಳಿಸುತ್ತೇವೆ, ನೀವು ವಿಳಾಸ ತಿಳಿಸಿದರೆ.

ಇನ್ನು ಆ ಚಿತ್ರ. ಈ ಉತ್ತರದ ಜೊತೆ ಅಚ್ಚು ಹಾಕೋಣ ಎಂದು ನಮ್ಮ ಪುಟ ಮಾಡುವ ಹುಡುಗರು ಕೇಳಿದರು. ನಾನು ಬೇಡ ಅಂದೆ. ನೀವು ಒಪ್ಪಬಹುದು, ಆದರೆ ಅದನ್ನು ಬರೆದವಳು ಒಪ್ಪಬೇಕಲ್ವಾ? ಮೂಲ ಹಾಳೆ ಇನ್ನೂ ಶಾಲೆಯ ಫೈಲಿನಲ್ಲಿದೆ ಅಂದಿದ್ದೀರಿ. ದಯವಿಟ್ಟು ಕೇಳಿ ತನ್ನಿ. ಸೀರೆಯ ಅಂಚಿಗೆ ಅಷ್ಟು ಹೊತ್ತು ಕೂತು ಬಣ್ಣ ಹಚ್ಚಿದ್ದಾಳೆ, ಅದು ಅವಳ ಕೈಗೆ ವಾಪಸು ಸಿಗಲಿ.

ನಿಮ್ಮವ,
ಸಂಪಾದಕ