ಕ್ಲಬ್ಬಿನ ಅಭಿಮಾನ ಹುಟ್ಟುವ ಬಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನನ್ನ ಮಗ ಉದ್ಯೋಗದ ನಿಮಿತ್ತ ಕೋಲ್ಕತ್ತದಲ್ಲಿದ್ದಾನೆ. ಅವನು ಬಾಡಿಗೆಗಿರುವ ಮನೆಯ ಹಿರಿಯರು ಪರಿಚಯವಾದ ದಿನವೇ ‘ನೀನು ಮೋಹನ್ ಬಾಗಾನ್ ಕಡೆಯವನೋ, ಈಸ್ಟ್ ಬೆಂಗಾಲ್ ಕಡೆಯವನೋ’ ಎಂದು ಕೇಳಿದರಂತೆ. ಆ ಮನೆಯಲ್ಲಿ ಅಜ್ಜನಿಂದ ಹಿಡಿದು ಮೊಮ್ಮಗಳವರೆಗೆ ಎಲ್ಲರೂ ಈಸ್ಟ್ ಬೆಂಗಾಲ್ ಅಭಿಮಾನಿಗಳು. ಇಡೀ ಮನೆತನ ಹೀಗೆ ಒಂದು ಫುಟ್‌ಬಾಲ್ ಕ್ಲಬ್ಬಿಗೆ ಅಂಟಿಕೊಳ್ಳುವುದು ಹೇಗೆ? ಇದು ಆಟದ ಮೇಲಿನ ಪ್ರೀತಿಯೇ, ಬೇರೆ ಏನಾದರೂ ಕಾರಣವಿದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಆ ಹಿರಿಯರು ಕೇಳಿದ ಪ್ರಶ್ನೆಯಲ್ಲಿ ‘ನಿಮ್ಮ ಮೂಲ ಊರು ಯಾವುದು’ ಎಂಬ ವಿಚಾರಣೆಯೂ ಸೇರಿದೆ. ತಲೆಮಾರುಗಳಿಂದ ಪಶ್ಚಿಮ ಬಂಗಾಳದಲ್ಲೇ ನೆಲೆಸಿದವರನ್ನು ಅಲ್ಲಿ ಘೋಟಿ ಎಂದೂ, ಇಂದು ಬಾಂಗ್ಲಾದೇಶವಾಗಿರುವ ಪೂರ್ವ ಬಂಗಾಳದಿಂದ ಬಂದವರನ್ನು ಬಾಂಗಾಲ್ ಎಂದೂ ಕರೆಯುತ್ತಾರೆ. ಘೋಟಿಗಳದು ಹಸಿರು ಮತ್ತು ಕಡುಗೆಂಪು ಬಣ್ಣದ ಮೋಹನ್ ಬಾಗಾನ್, ಬಾಂಗಾಲರದು ಕೆಂಪು ಮತ್ತು ಹೊಂಬಣ್ಣದ ಈಸ್ಟ್ ಬೆಂಗಾಲ್ ಎಂಬುದು ರೂಢಿಯ ಮಾತು. ಈಸ್ಟ್ ಬೆಂಗಾಲ್ ಗೆದ್ದರೆ ಮನೆಗೆ ಇಲಿಶ್ ಮೀನು, ಮೋಹನ್ ಬಾಗಾನ್ ಗೆದ್ದರೆ ಸಿಗಡಿ ತರುವ ವಾಡಿಕೆಯೂ ಇದೆ.

ಆದರೆ ಈ ವಿಭಜನೆ ಕ್ಲಬ್ಬುಗಳು ಹುಟ್ಟಿದಾಗಲೇ ಇಷ್ಟು ಸ್ಪಷ್ಟವಾಗಿರಲಿಲ್ಲ ಎಂಬುದನ್ನು ಗಮನಿಸಬೇಕು. ಮೋಹನ್ ಬಾಗಾನ್ ಸ್ಥಾಪನೆಯಾದದ್ದು 1889ರಲ್ಲಿ. ಅದಕ್ಕೆ ದೇಶವ್ಯಾಪಿ ಅಭಿಮಾನ ದೊರಕಿಸಿಕೊಟ್ಟದ್ದು ಕೋಲ್ಕತ್ತದ ಹೆಸರಾಂತ ಪಂದ್ಯಾವಳಿಯಾದ ಐಎಫ್‌ಎ ಶೀಲ್ಡ್‌ನ 1911ರ ಜುಲೈ 29ರ ಫೈನಲ್. ಅಂದು ಈಸ್ಟ್ ಯಾರ್ಕ್‌ಶೈರ್ ರೆಜಿಮೆಂಟಿನ ಬೂಟುಧಾರಿ ಸೈನಿಕರ ಎದುರು, ಒಬ್ಬರ ಹೊರತು ಉಳಿದೆಲ್ಲರೂ ಬರಿಗಾಲಲ್ಲೇ ಆಡಿದ ಭಾರತೀಯ ತಂಡವು ಮೊದಲು ಒಂದು ಗೋಲು ಬಿಟ್ಟುಕೊಟ್ಟು, ಆಮೇಲೆ ನಾಯಕ ಶಿಬದಾಸ್ ಭಾದುರಿ ಮತ್ತು ಅಭಿಲಾಷ್ ಘೋಷ್ ಹೊಡೆದ ಗೋಲುಗಳಿಂದ 2–1ರಲ್ಲಿ ಗೆದ್ದಿತು. 1905ರಲ್ಲಿ ಕರ್ಜನ್ ಬಂಗಾಳವನ್ನು ಒಡೆದ ನೋವು ಆಗಿನ್ನೂ ಆರಿರಲಿಲ್ಲವಾದ್ದರಿಂದ, ಮೈದಾನದಲ್ಲಿ ಸಿಕ್ಕ ಆ ಗೆಲುವನ್ನು ಜನ ಕೇವಲ ಆಟದ ಗೆಲುವೆಂದು ತಿಳಿಯಲಿಲ್ಲ. ಆ ಹನ್ನೊಂದು ಮಂದಿಯಲ್ಲಿ ಭಾದುರಿ ಸಹೋದರರೂ ಸೇರಿದಂತೆ ಹಲವರ ಮೂಲ ಪೂರ್ವ ಬಂಗಾಳವೇ ಆಗಿತ್ತು. ಅಂದರೆ, ಮುಂದೆ ಘೋಟಿಗಳ ಸ್ವತ್ತೆಂದು ಹೆಸರಾದ ಕ್ಲಬ್ಬಿಗೆ ಅದರ ಅತಿ ದೊಡ್ಡ ಕೀರ್ತಿಯನ್ನು ತಂದುಕೊಟ್ಟವರಲ್ಲಿ ಬಾಂಗಾಲರೂ ಇದ್ದರು.

ಈಸ್ಟ್ ಬೆಂಗಾಲ್ ಹುಟ್ಟಿದ್ದು ಒಂದು ಅಸಮಾಧಾನದಿಂದ. 1920ರ ಜುಲೈ ಕೊನೆಯಲ್ಲಿ ಮೋಹನ್ ಬಾಗಾನ್ ವಿರುದ್ಧದ ಪಂದ್ಯಕ್ಕೆ ಜೋರಾಬಾಗಾನ್ ಕ್ಲಬ್ಬು ತನ್ನ ಆಟಗಾರ ಶೈಲೇಶ್ ಬೋಸ್ ಅವರನ್ನು ಕೈಬಿಟ್ಟಿತು. ಇದನ್ನು ಒಪ್ಪದ ಆ ಕ್ಲಬ್ಬಿನ ಉಪಾಧ್ಯಕ್ಷ ಸುರೇಶ್ ಚಂದ್ರ ಚೌಧುರಿ ಹೊರಬಂದು, ಕೆಲವರೊಡನೆ ಸೇರಿ ಆಗಸ್ಟ್ 1ರಂದು ಹೊಸ ಕ್ಲಬ್ ಕಟ್ಟಿದರು. ಪೂರ್ವದಿಂದ ಬಂದವರನ್ನು ನಗರದ ಕ್ಲಬ್ಬುಗಳು ಕೀಳಾಗಿ ಕಾಣುತ್ತವೆ ಎಂಬ ಭಾವನೆಯೂ ಅದರ ಹಿಂದೆ ಇತ್ತು.

ನಿಮ್ಮ ಮಗನ ಮನೆಯೊಡೆಯರಂಥವರ ಅಭಿಮಾನಕ್ಕೆ ನಿಜವಾದ ಆಳ ಬಂದದ್ದು ಇದಾದ 27 ವರ್ಷಗಳ ಮೇಲೆ, 1947ರ ದೇಶವಿಭಜನೆಯಿಂದ. ಢಾಕಾ, ಬಾರಿಸಾಲ್, ಫರೀದ್‌ಪುರ, ಮೈಮನ್‌ಸಿಂಗ್ ಕಡೆಗಳಿಂದ ಮನೆ, ಹೊಲ, ಕೊಳ ಎಲ್ಲವನ್ನೂ ಬಿಟ್ಟು ಬಂದ ಲಕ್ಷಾಂತರ ಜನ ಕೋಲ್ಕತ್ತದ ಜಾದವ್‌ಪುರ, ಬಿಜೋಯ್‌ಗಢದಂಥ ಕಡೆ ಖಾಲಿ ಜಾಗಗಳಲ್ಲಿ ಕಾಲೊನಿಗಳನ್ನು ಕಟ್ಟಿಕೊಂಡರು. ಅವರ ಊರುಗಳು ಬೇರೊಂದು ದೇಶಕ್ಕೆ ಸೇರಿಹೋಗಿದ್ದವು, ಆಡುಮಾತಿನ ಧಾಟಿಯನ್ನು ಹೊಸ ನೆರೆಹೊರೆಯವರು ಆಡಿಕೊಳ್ಳುತ್ತಿದ್ದರು. ಅಂಥ ಹೊತ್ತಿನಲ್ಲಿ ಕಳೆದುಹೋದ ನಾಡಿನ ಹೆಸರನ್ನೇ ಹೊತ್ತ ತಂಡವೊಂದು ಅದೇ ನಗರದ ನಡುವೆ ಆಡುತ್ತಿತ್ತು, ಆಡಿ ಗೆಲ್ಲುತ್ತಲೂ ಇತ್ತು. 1949, 1950, 1951ರಲ್ಲಿ ಈಸ್ಟ್ ಬೆಂಗಾಲ್ ಸತತ ಮೂರು ಬಾರಿ ಐಎಫ್‌ಎ ಶೀಲ್ಡ್ ಗೆದ್ದಿತು. ನಿರಾಶ್ರಿತರ ಮನೆಗಳಲ್ಲಿ ಆ ಗೆಲುವುಗಳಿಗೆ ಎಷ್ಟು ಬೆಲೆಯಿದ್ದಿರಬೇಕೆಂದು ಊಹಿಸುವುದು ಕಷ್ಟವಲ್ಲ. ಅಜ್ಜ ಮಗನಿಗೂ ಮಗ ತನ್ನ ಮಗಳಿಗೂ ದಾಟಿಸಿದ ಅಭಿಮಾನದಲ್ಲಿ ಆಟದ ಪ್ರೀತಿಯ ಜೊತೆಗೆ ಈ ನೆನಪೂ ಇದೆ.

ಆ ಗೆಲುವುಗಳ ಹಿಂದೆ ನಮ್ಮ ಕಡೆಯವರೂ ಇದ್ದರು ಎಂಬುದನ್ನು ಸಂತೋಷದಿಂದ ಹೇಳಬಯಸುತ್ತೇನೆ. ಅಪ್ಪಾರಾವ್, ವೆಂಕಟೇಶ್, ಧನರಾಜ್, ಸಾಲೆ ಮತ್ತು ಅಹ್ಮದ್ ಖಾನ್ ಎಂಬ ಐವರು ಮುನ್ಪಡೆ ಆಟಗಾರರನ್ನು ಬಂಗಾಳಿಗಳು ಪಂಚಪಾಂಡವರೆಂದು ಕರೆದರು. ಐವರೂ ದಕ್ಷಿಣದವರು, ಅವರಲ್ಲಿ ಅಹ್ಮದ್ ಖಾನ್ ಬೆಂಗಳೂರಿನವರು, 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿಯೂ 1951ರಲ್ಲಿ ಏಷ್ಯನ್ ಗೇಮ್ಸ್ ಚಿನ್ನ ಗೆದ್ದ ತಂಡದಲ್ಲಿಯೂ ಆಡಿದವರು. ಪೂರ್ವ ಬಂಗಾಳವನ್ನು ತಮ್ಮ ಊರೆಂದು ಹೇಳಿಕೊಳ್ಳಲಾಗದ ಈ ಆಟಗಾರರನ್ನು ನಿರಾಶ್ರಿತರು ತಮ್ಮವರೆಂದೇ ಎತ್ತಿ ಆಡಿಸಿದರು. ಕ್ಲಬ್ಬಿನ ಅಭಿಮಾನ ರಕ್ತಸಂಬಂಧದಷ್ಟು ಬಿಗಿಯಾಗಿದ್ದರೂ ಹೊರಗಿನವರಿಗೆ ಬಾಗಿಲು ತೆರೆಯುವುದು ಹೀಗೆ. ಹಾಗಾಗಿ ನಿಮ್ಮ ಮಗ ಯಾವ ಸಂಕೋಚವೂ ಇಲ್ಲದೆ ಆ ಮನೆಯವರ ಜೊತೆ ಸಾಲ್ಟ್ ಲೇಕ್ ಕ್ರೀಡಾಂಗಣಕ್ಕೆ ಹೋಗಲಿ.

ಈ ಪೈಪೋಟಿಗೆ ಕಹಿ ಮುಖವೂ ಇದೆ. 1980ರ ಆಗಸ್ಟ್ 16ರಂದು ಈಡನ್ ಗಾರ್ಡನ್ಸ್‌ನಲ್ಲಿ ಇವೆರಡು ತಂಡಗಳ ಪಂದ್ಯದ ವೇಳೆ ಗಲಭೆ, ನೂಕುನುಗ್ಗಲು ನಡೆದು 16 ಪ್ರೇಕ್ಷಕರು ಸತ್ತರು. ಅವರ ನೆನಪಿನಲ್ಲಿ ಆ ದಿನ ರಕ್ತದಾನ ನಡೆಯುತ್ತದೆ. 2024ರ ಆಗಸ್ಟ್‌ನಲ್ಲಿ ಆರ್‌.ಜಿ. ಕರ್ ಆಸ್ಪತ್ರೆಯ ವೈದ್ಯೆಯ ಅತ್ಯಾಚಾರ ಮತ್ತು ಕೊಲೆಯ ತರುವಾಯ ಡ್ಯುರಾಂಡ್ ಕಪ್ಪಿನಲ್ಲಿ ಇವೆರಡು ತಂಡಗಳ ನಡುವೆ ನಡೆಯಬೇಕಿದ್ದ ಪಂದ್ಯ ರದ್ದಾದಾಗ, ಎರಡೂ ಕ್ಲಬ್ಬುಗಳ ಅಭಿಮಾನಿಗಳು ಕ್ರೀಡಾಂಗಣದ ಹೊರಗೆ ಒಟ್ಟಾಗಿ ನಿಂತು ನ್ಯಾಯ ಕೇಳಿದರು.

ಪ್ರಶ್ನೆ: ನಾನು ಬೆಂಗಳೂರು ಎಫ್‌ಸಿ ಬೆಂಬಲಿಗ. ಕಂಪನಿಯೊಂದು 2013ರಲ್ಲಿ ಹುಟ್ಟುಹಾಕಿದ ಕ್ಲಬ್ಬಿಗೆ ನಿಜವಾದ ಅಭಿಮಾನಿಗಳಿರಲು ಸಾಧ್ಯವೇ ಇಲ್ಲ ಎಂದು ಬಂಗಾಳಿ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ಅವರಿಗೆ ಏನು ಹೇಳಲಿ?
– ಓದುಗರೊಬ್ಬರು, ಬೆಂಗಳೂರು

ಉತ್ತರ: ನಿಮ್ಮ ಸಹೋದ್ಯೋಗಿಯ ವಾದವನ್ನು ನಾನು ಒಪ್ಪುವುದಿಲ್ಲ. ಬೆಂಗಳೂರಿಗೆ ಫುಟ್‌ಬಾಲ್ 2013ರಲ್ಲಿ ಬಂದದ್ದಲ್ಲ. ಬೆಂಗಳೂರು ಮುಸ್ಲಿಮ್ಸ್ ತಂಡ 1937ರಲ್ಲಿ ರೋವರ್ಸ್ ಕಪ್ ಗೆದ್ದು ಆ ಸಾಧನೆ ಮಾಡಿದ ಮೊದಲ ಭಾರತೀಯ ತಂಡವಾಯಿತು, ಮರುವರ್ಷವೂ ಗೆದ್ದಿತು. ರಾಜ್ಯಗಳ ನಡುವಿನ ಸಂತೋಷ್ ಟ್ರೋಫಿಯನ್ನು ಆಗಿನ ಮೈಸೂರು ರಾಜ್ಯದ ತಂಡ ನಾಲ್ಕು ಬಾರಿ ತಂದಿದೆ. ಹಲಸೂರಿನ ಗೌತಮಪುರದಲ್ಲಿ ಪೆಲೆಯ ಪ್ರತಿಮೆಯನ್ನೇ ನಿಲ್ಲಿಸಿದ್ದಾರೆ. ಇಷ್ಟೆಲ್ಲ ಇದ್ದರೂ ಇಲ್ಲಿನ ಪ್ರಮುಖ ತಂಡಗಳು ಎಚ್‌ಎಎಲ್, ಐಟಿಐ, ಎಂಇಜಿಯಂಥ ಕಾರ್ಖಾನೆ ಮತ್ತು ಸೇನೆಯ ಸಂಸ್ಥೆಗಳಿಗೆ ಸೇರಿದ್ದವು. ಅಲ್ಲಿ ನೌಕರನಾದವನಿಗೆ ಅದು ತನ್ನ ತಂಡ. ಉಳಿದವರು ಒಳ್ಳೆಯ ಆಟಗಾರನನ್ನು ಹುಡುಕಿಕೊಂಡು ಮೈದಾನಕ್ಕೆ ಹೋಗುತ್ತಿದ್ದರು. ಇಡೀ ನಗರ ತನ್ನದೆಂದು ಹೇಳಿಕೊಳ್ಳಬಲ್ಲ ಕ್ಲಬ್ಬಿನ ಸ್ಥಾನ ಮಾತ್ರ ತೆರವಾಗಿಯೇ ಉಳಿದಿತ್ತು ಎಂಬುದು ನನ್ನ ಅಭಿಪ್ರಾಯ.

ಆ ಸ್ಥಾನವನ್ನು ತುಂಬಿದ್ದು ಹಣವೊಂದೇ ಅಲ್ಲ. ಮೊದಲ ಋತುವಿನಲ್ಲಿ ಅಶೋಕನಗರದ ಹಳೆಯ ಫುಟ್‌ಬಾಲ್ ಕ್ರೀಡಾಂಗಣದ ಪಶ್ಚಿಮ ಗ್ಯಾಲರಿಯಲ್ಲಿ ಒಟ್ಟಾಗಿ ನಿಂತು ಹಾಡಿದವರು ವೆಸ್ಟ್ ಬ್ಲಾಕ್ ಬ್ಲೂಸ್ ಎಂದು ಹೆಸರಾದರು, ಕ್ಲಬ್ ಕಂಠೀರವ ಕ್ರೀಡಾಂಗಣಕ್ಕೆ ಹೋದಾಗ ಆ ಹೆಸರನ್ನೂ ಹಾಡುಗಳನ್ನೂ ಜೊತೆಗೆ ಒಯ್ದರು. ಆ ಮೊದಲ ಋತುವಿನಲ್ಲೇ ತಂಡ ಆಗ ದೇಶದ ಪ್ರಮುಖ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಗೆದ್ದ ತಂಡದ ಸುತ್ತ ಜನ ಸೇರುವುದು ಸಹಜವಾದ್ದರಿಂದ, ಅಭಿಮಾನವನ್ನು ಅಳೆಯಲು ನಾನು ಬೇರೆ ದಿನವೊಂದನ್ನು ನೋಡುತ್ತೇನೆ. 2015ರ ಮೇ 31ರಂದು ಕಂಠೀರವದಲ್ಲಿ ಇದೇ ಮೋಹನ್ ಬಾಗಾನ್ ವಿರುದ್ಧ ಗೆದ್ದಿದ್ದರೆ ಬೆಂಗಳೂರಿಗೆ ಮತ್ತೆ ಲೀಗ್ ಪ್ರಶಸ್ತಿ ಸಿಗುತ್ತಿತ್ತು. 1–0 ಮುನ್ನಡೆಯಲ್ಲಿದ್ದಾಗ, ಪಂದ್ಯ ಮುಗಿಯಲು ಕೆಲವೇ ನಿಮಿಷಗಳಿರುವಂತೆ ಮೋಹನ್ ಬಾಗಾನ್‌ನ ಬೆಲ್ಲೊ ರಜಾಕ್ ತಲೆಯಿಂದ ಹೊಡೆದ ಗೋಲು ಪ್ರಶಸ್ತಿಯನ್ನು ಕೋಲ್ಕತ್ತಕ್ಕೆ ಕೊಂಡೊಯ್ದಿತು. ಮರುವರ್ಷ ಏಷ್ಯಾದ ಕ್ಲಬ್ಬುಗಳ ಪಂದ್ಯಾವಳಿಯಾದ ಎಎಫ್‌ಸಿ ಕಪ್ ಸೆಮಿಫೈನಲ್‌ನಲ್ಲಿ ಮಲೇಷ್ಯಾದ ಜೊಹೊರ್ ತಂಡವನ್ನು ಸುನಿಲ್ ಚೆಟ್ರಿಯವರ ಎರಡು ಗೋಲುಗಳ ಬಲದಿಂದ 3–1ರಲ್ಲಿ ಮಣಿಸಿದಾಗ ಅದೇ ಗ್ಯಾಲರಿ ಮತ್ತೆ ತುಂಬಿ ಹಾಡುತ್ತಿತ್ತು. ಕೈಗೆ ಬಂದ ಪ್ರಶಸ್ತಿ ಜಾರಿದ ಮೇಲೂ ಮರಳಿ ಬಂದವರನ್ನು ಅಭಿಮಾನಿಗಳಲ್ಲವೆಂದು ಹೇಗೆ ಹೇಳುವುದು?

ಮಾಲೀಕರ ವಿಷಯಕ್ಕೆ ಬಂದರೆ, ಕಂಪನಿಯೊಡನೆ ಒಪ್ಪಂದ ಮಾಡಿಕೊಳ್ಳದ ದೊಡ್ಡ ಕ್ಲಬ್ ಈಗ ಭಾರತದಲ್ಲಿ ವಿರಳ. 2020ರಲ್ಲಿ ಮೋಹನ್ ಬಾಗಾನ್ ಹೆಸರಿನ ಮೊದಲಿಗೆ ಎಟಿಕೆ ಎಂಬ ಇನ್ನೊಂದು ಕ್ಲಬ್ಬಿನ ಹೆಸರು ಸೇರಿದಾಗ ಅದರ ಅಭಿಮಾನಿಗಳು ಹೋರಾಟವನ್ನೇ ನಡೆಸಿದರು, 2023ರಲ್ಲಿ ಆ ಅಕ್ಷರಗಳು ಹೋದವು. ಹಣ ಹಾಕುವವರು ಯಾರೇ ಆಗಲಿ, ಹೆಸರು ತಮ್ಮದೆಂದು ಹಟ ಹಿಡಿಯುವ ಜನ ಇರಬೇಕು. ಅಂಥ ಜನ ಬೆಂಗಳೂರಿನಲ್ಲಿಯೂ ಇದ್ದಾರೆ ಎಂದು ನಿಮ್ಮ ಸಹೋದ್ಯೋಗಿಗೆ ಹೇಳಿ, ಸಾಧ್ಯವಾದರೆ ಅವರನ್ನೂ ಒಂದು ಪಂದ್ಯಕ್ಕೆ ಕರೆದೊಯ್ಯಿರಿ.

ಪ್ರಶ್ನೆ: ಪಿಯುಸಿ ಓದುವ ನನ್ನ ಮಗಳು ಟಿವಿಯಲ್ಲಿ ನೋಡಿಯೇ ಲಿವರ್‌ಪೂಲ್ ಅಭಿಮಾನಿಯಾಗಿದ್ದಾಳೆ, ಸೋತ ದಿನ ಊಟ ಬಿಡುತ್ತಾಳೆ. ಇದು ವಯಸ್ಸಿನ ಹುಚ್ಚೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಊಟವನ್ನು ಬಿಡಬಾರದು ಎಂದು ಅವಳಿಗೆ ಮೊದಲು ತಿಳಿಸಿ. ಉಳಿದಂತೆ ಇದನ್ನು ಹುಚ್ಚೆನ್ನಲು ಕಾರಣವಿಲ್ಲ. 1986ರ ವಿಶ್ವಕಪ್ಪನ್ನು ದೂರದರ್ಶನದಲ್ಲಿ ನೋಡಿ ಮರಡೋನಾ ಅಭಿಮಾನಿಗಳಾದವರು ನಮ್ಮ ದೇಶದಲ್ಲಿ ಲೆಕ್ಕವಿಲ್ಲದಷ್ಟಿದ್ದಾರೆ, ಅವರಲ್ಲಿ ಅನೇಕರು ಇಂದಿಗೂ ಅರ್ಜೆಂಟೀನಾವನ್ನು ಬಿಟ್ಟಿಲ್ಲ. ದೂರದಿಂದ ಹುಟ್ಟಿದ ಅಭಿಮಾನಕ್ಕೆ ಬೇರು ಬರಬೇಕಾದರೆ ಆ ಕ್ಲಬ್ಬಿನ ಜನರ ಬದುಕನ್ನು ತಿಳಿಯಬೇಕು. ಆನ್‌ಫೀಲ್ಡ್ ಮೈದಾನದಲ್ಲಿ ಮೊದಲು ಆಡುತ್ತಿದ್ದುದು ಎವರ್ಟನ್, ಬಾಡಿಗೆಯ ಜಗಳದಿಂದ ಅದು ಹೊರಟುಹೋದ ಮೇಲೆ 1892ರಲ್ಲಿ ಲಿವರ್‌ಪೂಲ್ ಹುಟ್ಟಿತು. ಆ ನಗರದಲ್ಲಿ ಅಣ್ಣ ಒಂದು ಕ್ಲಬ್, ತಮ್ಮ ಇನ್ನೊಂದು ಕ್ಲಬ್ ಎಂಬ ಮನೆಗಳು ಸಾಮಾನ್ಯ. ಇವೆಲ್ಲಕ್ಕಿಂತ ಮುಖ್ಯವಾಗಿ 1989ರ ಏಪ್ರಿಲ್ 15ರ ಹಿಲ್ಸ್‌ಬರೊ ದುರಂತದ ಬಗ್ಗೆ ಅವಳು ಓದಲಿ. ಆ ಕ್ರೀಡಾಂಗಣದ ಗ್ಯಾಲರಿಯಲ್ಲಿ ನಲುಗಿ ಲಿವರ್‌ಪೂಲ್‌ನ 97 ಬೆಂಬಲಿಗರು ಪ್ರಾಣ ಕಳೆದುಕೊಂಡರು. ಬೆಂಬಲಿಗರದೇ ತಪ್ಪೆಂಬ ಅಪವಾದದ ವಿರುದ್ಧ ಅವರ ಮನೆಯವರು ದಶಕಗಳ ಕಾಲ ಹೋರಾಡಿದರು. ಕೊನೆಗೆ 2016ರಲ್ಲಿ ನ್ಯಾಯಮಂಡಲಿಯು ಸತ್ತವರು ಕಾನೂನುಬಾಹಿರವಾಗಿ ಕೊಲ್ಲಲ್ಪಟ್ಟರೆಂದೂ ಬೆಂಬಲಿಗರ ತಪ್ಪೇನೂ ಇರಲಿಲ್ಲವೆಂದೂ ತೀರ್ಪಿತ್ತಿತು.