ಆ ಫೋಟೋ ತೆಗೆದವರೂ ಅತ್ತಿದ್ದರು

ನಿಮ್ಮ ಪತ್ರ ಬಂದು ಎರಡು ದಿನವಾಯಿತು. ಅವಸರದಲ್ಲಿ ನಾಲ್ಕು ಸಾಲು ಬರೆದು ಕಳಿಸಲು ಮನಸ್ಸು ಒಪ್ಪಲಿಲ್ಲ.

ಇತಿಹಾಸದ ಪ್ರಾಜೆಕ್ಟ್‌ಗೆಂದು ಹಿರೋಶಿಮಾದ ಫೋಟೋಗಳನ್ನು ಒಂದರ ಹಿಂದೊಂದು ನೋಡಿದಿರಿ. ಅಂದಿನಿಂದ ಊಟ ಸೇರುತ್ತಿಲ್ಲ, ನಿದ್ದೆಯೂ ಸರಿಯಿಲ್ಲ. ‘ಗೆಳತಿಯರೆಲ್ಲ ಸುಮ್ನೆ ನೋಡಿ ಮುಗಿಸಿದರು, ನಾನೊಬ್ಬಳೇ ಇಷ್ಟು ಪುಕ್ಕಲಾ?’ ಎಂದು ಕೇಳಿದ್ದೀರಿ.

ಖಂಡಿತ ಅಲ್ಲ. ನಿಮ್ಮನ್ನು ಜಾಸ್ತಿ ಕಾಡಿದ ಸೇತುವೆಯ ಫೋಟೋ ಇದೆಯಲ್ಲ, ಅದರ ಕಥೆ ಕೇಳಿ. ಅದು ಮಿಯುಕಿ ಸೇತುವೆ. 1945ರ ಆಗಸ್ಟ್ 6, ಅಣುಬಾಂಬ್ ಬಿದ್ದು ಮೂರು ಗಂಟೆ ಕಳೆದಿರಬಹುದು. ತೆಗೆದವರು ಯೋಶಿತೊ ಮಾತ್ಸುಶಿಗೆ, ಅದೇ ಊರಿನ ಪತ್ರಿಕೆಯ ಫೋಟೋಗ್ರಾಫರ್. ಎದುರಿಗೆ ಮೈ ಸುಟ್ಟ ಜನ ಕೂತಿದ್ದರು. ಅವರಲ್ಲಿ ಹಲವರು ಶಾಲೆಯ ಮಕ್ಕಳು. ಬಾಂಬ್ ದಾಳಿಯಾದರೆ ಬೆಂಕಿ ಹಬ್ಬದಿರಲಿ ಎಂದು ಮನೆಗಳನ್ನು ಕೆಡವಲು ಹೋಗಿದ್ದವರು. ಅವರ ಗಾಯಕ್ಕೆ ಅಡುಗೆ ಎಣ್ಣೆ ಹಚ್ಚಲಾಗುತ್ತಿತ್ತು. ಮಾತ್ಸುಶಿಗೆ ಅವರ ಕೈಯಲ್ಲಿ ಕ್ಯಾಮೆರಾ ಇತ್ತು, ಆದರೆ ಸುಮಾರು 20 ನಿಮಿಷ ಬಟನ್ ಒತ್ತಲು ಆಗಲೇ ಇಲ್ಲ. ಹೇಗೋ ಒಂದು ತೆಗೆದರು. ಇನ್ನೊಂದಕ್ಕೆ ಹತ್ತಿರ ಹೋದಾಗ ಕಣ್ಣೀರಿಗೆ ವ್ಯೂಫೈಂಡರ್ (ಕ್ಯಾಮೆರಾದಲ್ಲಿ ಕಣ್ಣಿಟ್ಟು ನೋಡುವ ಕಿಂಡಿ) ಮಂಜಾಯಿತು ಎಂದು ಅವರೇ ಮುಂದೆ ಹೇಳಿಕೊಂಡರು. ಇಡೀ ದಿನ ತಿರುಗಿ ತೆಗೆದದ್ದು 7 ಚಿತ್ರ. ಉಳಿದದ್ದು 5.

ಕಷ್ಟದ ಸುದ್ದಿ ನೋಡಿ ಅಭ್ಯಾಸವಿದ್ದ ಪತ್ರಕರ್ತರ ಕೈಯೇ ಅಂದು ನಿಂತುಹೋಗಿತ್ತು. ನಿಮ್ಮ ಎದೆ ಭಾರವಾದರೆ ಅದರಲ್ಲಿ ನಾಚಿಕೆ ಏನಿದೆ? ನಾನೂ ಆ ಫೋಟೋವನ್ನು ಮೊದಲ ಸಲ ನೋಡಿದಾಗ ಪುಟ ಮಗುಚಿಬಿಟ್ಟಿದ್ದೆ. ಅದರಲ್ಲಿ ಹೆಚ್ಚಿನವರ ಬೆನ್ನು ಮಾತ್ರ ಕಾಣುತ್ತದೆ. ಮುಖ ಕಾಣದಿದ್ದರೂ ನೋಡಲಾಗಲಿಲ್ಲ.

ಗೆಳತಿಯರ ಬಗ್ಗೆ ಒಂದು ಮಾತು. ಅವರಿಗೆ ಏನೂ ಅನಿಸಲಿಲ್ಲ ಎಂದುಕೊಳ್ಳಬೇಡಿ. ಒಬ್ಬೊಬ್ಬರು ಒಳಗೇ ನುಂಗಿಕೊಳ್ಳುತ್ತಾರೆ, ಅಲ್ವಾ?

ಸದ್ಯಕ್ಕೆ ಹೊಸ ಫೋಟೋ ಹುಡುಕಬೇಡಿ, ಅದರಲ್ಲೂ ಮಲಗುವ ಹೊತ್ತಿನಲ್ಲಿ ಬೇಡವೇ ಬೇಡ. ನಿಮಗೆ ಆಗಿದ್ದನ್ನು ಮನೆಯವರಿಗೋ ಟೀಚರ್‌ಗೋ ಹೇಳಿ. ಇನ್ನೂ ಕೆಲವು ದಿನ ನಿದ್ದೆ ಬಾರದಿದ್ದರೆ ಡಾಕ್ಟರನ್ನೋ ಆಪ್ತ ಸಮಾಲೋಚಕರನ್ನೋ ಕಾಣಿ. ತಡ ಮಾಡಬೇಡಿ.

ಪ್ರಾಜೆಕ್ಟ್ ಬಿಡಬೇಕಾಗಿಲ್ಲ. ಐವತ್ತು ಚಿತ್ರ ಅಂಟಿಸುವ ಬದಲು ಸೇತುವೆಯ ಆ ಒಂದೇ ಚಿತ್ರ ಇಟ್ಟುಕೊಳ್ಳಿ. ಆ ಮಕ್ಕಳು ಬೆಳಿಗ್ಗೆ ಯಾವ ಕೆಲಸಕ್ಕೆ ಹೊರಟಿದ್ದರು, ಅವರ ಗಾಯಕ್ಕೆ ಯಾಕೆ ಎಣ್ಣೆ ಹಚ್ಚಲಾಯಿತು ಎಂದು ಬರೆಯಿರಿ. ಮನಸ್ಸು ಸ್ವಲ್ಪ ತಿಳಿಯಾದ ಮೇಲೆ, ಹಗಲು ಹೊತ್ತು ಕೂತು ಬರೆಯಿರಿ. ಮುಗಿದಾಗ ನಮಗೂ ಒಂದು ಪ್ರತಿ ಕಳಿಸಿ, ಓದಲು ಕಾಯುತ್ತಿರುತ್ತೇನೆ.

– ಸಂಪಾದಕ